ಅಂಗಡಿಯಲ್ಲಿ ಸಿಗುವ ಎಫ್‌ಎಂ ವೈರ್‌ಲೆಸ್ ಮೈಕ್ ಕಿಟ್: ಕಾಯಿಲ್ ತಂತಿಯೊಂದನ್ನು ಬದಲಾಯಿಸಿಯೇ ಕೂರಿ

ಹಾಸನದ ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡಿಗಳಲ್ಲಿ ಟಿ.ವಿ. ರಿಮೋಟು, ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರುಗಳ ಪಕ್ಕ ಪ್ಲಾಸ್ಟಿಕ್ ಕವರಿನ ಕಿಟ್‌ಗಳು ನೇತಾಡುತ್ತಿರುತ್ತವೆ. ನೀರಿನ ಟ್ಯಾಂಕಿನ ಅಲಾರಂ, ಚಪ್ಪಾಳೆಗೆ ಹೊತ್ತುವ ದೀಪ, ಕತ್ತಲಾದರೆ ಉರಿಯುವ ದೀಪ. ಅದೇ ಸಾಲಿನಲ್ಲಿ ‘ಎಫ್‌ಎಂ ವೈರ್‌ಲೆಸ್ ಮೈಕ್’ ಕೂಡ ಇರುತ್ತದೆ, ಆಡಿದ ಮಾತನ್ನು ತಂತಿಯಿಲ್ಲದೆ ಹತ್ತಿರದ ಎಫ್‌ಎಂ ರೇಡಿಯೊಗೆ ಕಳಿಸುವ ಪುಟ್ಟ ಸರ್ಕ್ಯೂಟು. ಕವರಿನ ಮೇಲೆ ಕಂಪನಿಯ ಹೆಸರಿಲ್ಲ, ಒಳಗೆ ಜೆರಾಕ್ಸ್ ಮಾಡಿದ ಅರ್ಧ ಹಾಳೆ. ಬೆಲೆ ನೂರು, ನೂರೈವತ್ತು ರೂಪಾಯಿಯ ಒಳಗೆ. ಐಟಿಐ, ಡಿಪ್ಲೊಮಾ ಹುಡುಗರು, ಸಾಲಗಾಮೆ ರಸ್ತೆಯ ಮಲೆನಾಡು ಎಂಜಿನಿಯರಿಂಗ್ ಕಾಲೇಜಿನ ಮೊದಲ ವರ್ಷದವರು, ಮಕ್ಕಳ ವಿಜ್ಞಾನ ಪ್ರದರ್ಶನಕ್ಕೆ ಏನಾದರೂ ಬೇಕೆಂದು ಹೊರಟ ಮೇಷ್ಟ್ರು, ಇವರೇ ಇದರ ಗಿರಾಕಿಗಳು.

ತೀರ್ಪನ್ನು ಮೊದಲೇ ಹೇಳಿಬಿಡೋಣ. ಒಂದೇ ಟ್ರಾನ್ಸಿಸ್ಟರು ಹೇಗೆ ರೇಡಿಯೊ ಅಲೆ ಹುಟ್ಟಿಸುತ್ತದೆ ಎಂದು ಕೈಯಾರೆ ಮಾಡಿ ಕಲಿಯುವುದಕ್ಕೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಗಣಪತಿ ಪೆಂಡಾಲಿನಲ್ಲಿ ಹಿಡಿದು ಮಾತಾಡಲು ಮೈಕು ಬೇಕೆಂದು ತಂದರೆ ದುಡ್ಡು ದಂಡ. ಕಲಿಯುವವರಿಗೂ ಕಿಟ್ ಇದ್ದ ಹಾಗೇ ಜೋಡಿಸಿದರೆ ಹತ್ತರಲ್ಲಿ ಹಲವು ಸಲ ಸದ್ದು ಬರುವುದಿಲ್ಲ. ಕಾರಣ ಸರ್ಕ್ಯೂಟ್ ಅಲ್ಲ, ಜೊತೆಗೆ ಕೊಡುವ ತಂತಿ ಮತ್ತು ಆ ಅರ್ಧ ಹಾಳೆ.

ಕವರಿನಲ್ಲಿ ಏನಿರುತ್ತದೆ ನೋಡಿ. ಕಂದು ಬಣ್ಣದ ಫಿನಾಲಿಕ್ ಬೋರ್ಡು. ಬಿಸಿ547 ಟ್ರಾನ್ಸಿಸ್ಟರ್ ಒಂದು, ಅದರ ಮೂರು ಕಾಲುಗಳೇ ಕಲೆಕ್ಟರ್, ಬೇಸ್, ಎಮಿಟರ್. ಅಂಗಡಿಯವರು ಕಂಡೆನ್ಸರ್ ಮೈಕ್ ಎನ್ನುವ ಎಲೆಕ್ಟ್ರೆಟ್ ಮೈಕು. ಮೈಕಿಗೆ ವೋಲ್ಟೇಜ್ ಕೊಡಲು 10 ಕಿಲೋಓಮ್, ಬೇಸಿಗೆ 47 ಕಿಲೋಓಮ್, ಎಮಿಟರಿಗೆ 470 ಓಮ್, ಎಲ್‌ಇಡಿಗೆ 1 ಕಿಲೋಓಮ್ ರೆಸಿಸ್ಟರ್. 104 ಎಂದು ಬರೆದ ಡಿಸ್ಕ್ ಕೆಪ್ಯಾಸಿಟರ್ ಎರಡು: ಒಂದು ಮೈಕಿನಿಂದ ಬೇಸಿಗೆ, ಇನ್ನೊಂದು ಬ್ಯಾಟರಿಯ ಪ್ಲಸ್ ಮೈನಸ್‌ಗೆ ಅಡ್ಡಲಾಗಿ. 102 ಒಂದು, ಬೇಸಿನಿಂದ ಗ್ರೌಂಡಿಗೆ, ಅಂದರೆ ಬ್ಯಾಟರಿಯ ಮೈನಸ್‌ಗೆ. 4.7 ಪಿಕೋಫ್ಯಾರಡ್ ಒಂದು, ಕಲೆಕ್ಟರಿಗೂ ಎಮಿಟರಿಗೂ ನಡುವೆ. 22 ಪಿಕೋಫ್ಯಾರಡ್ ಟ್ರಿಮ್ಮರ್ (ತಿರುಗಿಸಿ ಮೌಲ್ಯ ಬದಲಿಸುವ ಕೆಪ್ಯಾಸಿಟರ್), ಕಾಯಿಲಿಗೆ ಸಮಾಂತರವಾಗಿ. ಕಾಯಿಲ್ ಎಂಬ ಸುರುಳಿ ಸುತ್ತಲು ಒಂದು ಗೇಣು ಎನಾಮೆಲ್ ಲೇಪದ ತಾಮ್ರದ ತಂತಿ, 9 ವೋಲ್ಟ್ ಬ್ಯಾಟರಿಯ ಕ್ಯಾಪು, ಆಂಟೆನಾಗೆಂದು ಮುಕ್ಕಾಲು ಮೀಟರ್ ಹುಕ್‌ಅಪ್ ವೈರು.

ಈ ಮೌಲ್ಯಗಳೆಲ್ಲ ಸರಿಯಾಗಿವೆ, ಅದನ್ನು ಒಪ್ಪಲೇಬೇಕು. ಬೇಸನ್ನು 102 ಕೆಪ್ಯಾಸಿಟರು ರೇಡಿಯೊ ಫ್ರೀಕ್ವೆನ್ಸಿಯ ಮಟ್ಟಿಗೆ ಗ್ರೌಂಡಿಗೆ ಕಟ್ಟಿಹಾಕುತ್ತದೆ. ಕಲೆಕ್ಟರಿನಲ್ಲಿ ಕಾಯಿಲ್ ಮತ್ತು ಟ್ರಿಮ್ಮರ್ ಕೂತಿವೆ. ಅಲ್ಲಿ ಹುಟ್ಟಿದ್ದರಲ್ಲಿ ಒಂದಿಷ್ಟನ್ನು 4.7 ಪಿಕೋಫ್ಯಾರಡ್ ವಾಪಸ್ ಎಮಿಟರಿಗೆ ತಂದು ಸುರಿಯುತ್ತದೆ, ಟ್ರಾನ್ಸಿಸ್ಟರ್ ಅದನ್ನು ಮತ್ತೆ ದೊಡ್ಡದು ಮಾಡುತ್ತದೆ, ಹೀಗೆ ಸುತ್ತು ನಡೆಯುತ್ತಲೇ ಇರುತ್ತದೆ. ಬೇಸಿಗೆ ಮಾತಿನ ಸಿಗ್ನಲ್ ಬಂದಾಗ ಕಲೆಕ್ಟರ್-ಬೇಸ್ ನಡುವಿನ ಸಣ್ಣ ಕೆಪ್ಯಾಸಿಟೆನ್ಸು (ವಿದ್ಯುತ್ತು ಹಿಡಿದಿಡುವ ಗುಣ) ಹಿಗ್ಗಿ ಕುಗ್ಗುತ್ತದೆ, ಅದರ ಜೊತೆ ಫ್ರೀಕ್ವೆನ್ಸಿಯೂ ಅಲ್ಲಾಡುತ್ತದೆ. ಎಫ್‌ಎಂ ಆಯಿತು. ಇಷ್ಟು ಅಗ್ಗವಾಗಿ ಇಷ್ಟು ದೊಡ್ಡ ಪಾಠ ಇನ್ನೊಂದಿಲ್ಲ. ಆದರೆ ವೋಲ್ಟೇಜ್ ಬದಲಾದರೂ, ಚಳಿಯಾದರೂ ಅದೇ ಕೆಪ್ಯಾಸಿಟೆನ್ಸು ಬದಲಾಗುತ್ತದೆ, ಕೈ ಹತ್ತಿರ ಬಂದರೆ ಕೈಯದೂ ಒಂದಿಷ್ಟು ಸೇರಿಕೊಳ್ಳುತ್ತದೆ. ಈ ಕಿಟ್ಟಿನ ಗುಣವೂ ದೋಷವೂ ಒಂದೇ ಕಡೆ ಇರುವುದು ಹೀಗೆ.

ಈಗ ಕಾಯಿಲ್. ಹಾಳೆಯಲ್ಲಿ ‘5 ಸುತ್ತು’ ಎಂದಷ್ಟೇ ಇದೆ. ಯಾವುದರ ಮೇಲೆ ಸುತ್ತಬೇಕು, ಸುತ್ತುಗಳ ನಡುವೆ ಎಷ್ಟು ಜಾಗ ಬಿಡಬೇಕು, ಒಂದಕ್ಷರವೂ ಇಲ್ಲ. ಕವರಿನಲ್ಲಿರುವ ತಂತಿ ಬಹುಪಾಲು 26 ಗೇಜ್, ಅಂದರೆ ಅರ್ಧ ಮಿಲಿಮೀಟರಿಗಿಂತ ತೆಳು. ಅದು ಸ್ಪ್ರಿಂಗಿನಂತೆ ನಡುಗುತ್ತದೆ. ಮೇಜು ತಟ್ಟಿದರೆ ರೇಡಿಯೊದಲ್ಲಿ ‘ಟೊಂಯ್’ ಎಂದು ಕೇಳುತ್ತದೆ, ಬೋರ್ಡನ್ನು ಎತ್ತಿಟ್ಟರೆ ಸ್ಟೇಷನ್ನೇ, ಅಂದರೆ ಡಯಲಿನಲ್ಲಿ ಕಿಟ್ ಸಿಗುವ ಜಾಗವೇ, ಜರುಗುತ್ತದೆ. ಬೇಕಾದದ್ದು 22 ಗೇಜ್, 0.71 ಮಿಲಿಮೀಟರ್. ಇದಕ್ಕಾಗಿ ಎಲೆಕ್ಟ್ರಾನಿಕ್ಸ್ ಅಂಗಡಿ ಸುತ್ತಬೇಕಿಲ್ಲ. ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಮಾಡುವವರ ಬಳಿ ಹೋಗಿ ‘ಇಪ್ಪತ್ತೆರಡು ಗೇಜಿನದು ಒಂದು ಮೊಳ ಕೊಡಿ’ ಎಂದರೆ ಸಾಕು, ಅವರಿಗದು ಕಸದಲ್ಲಿ ಹೋಗುವ ತುಂಡು. ಬೋರ್‌ವೆಲ್ ಮೋಟಾರು ಸುಡುವ ಈ ಜಿಲ್ಲೆಗಳಲ್ಲಿ ಅಂಥ ಅಂಗಡಿ ಇಲ್ಲದ ಊರಿಲ್ಲ. ಕಾಯಿಲಿಗೆ ಬೇಕಾಗುವುದು ಕಾಲುಗಳೂ ಸೇರಿ 11 ಸೆಂಟಿಮೀಟರ್. 15 ಕತ್ತರಿಸಿಕೊಂಡರೆ ಕೈತಪ್ಪಿಗೂ ಜಾಗ ಇರುತ್ತದೆ.

ಸುತ್ತಲು 5 ಮಿಲಿಮೀಟರಿನ ಡ್ರಿಲ್ ಬಿಟ್‌ನ ನಯವಾದ ಹಿಂಬದಿ ಹಿಡಿಯಿರಿ. ಒಂದಕ್ಕೊಂದು ತಾಗುವಂತೆ 5 ಸುತ್ತು ಹಾಕಿದರೆ ಉದ್ದ 4 ಮಿಲಿಮೀಟರಿನ ಆಸುಪಾಸು, ಇಂಡಕ್ಟೆನ್ಸು ಸುಮಾರು 0.126 ಮೈಕ್ರೋಹೆನ್ರಿ. ಇಂಡಕ್ಟೆನ್ಸು ಕಾಯಿಲಿನ ಅಳತೆ, ಅದು ಇಳಿದಷ್ಟೂ ಫ್ರೀಕ್ವೆನ್ಸಿ ಏರುತ್ತದೆ. ಅದನ್ನೇ ಹಿಗ್ಗಿಸಿ 6 ಮಿಲಿಮೀಟರ್ ಮಾಡಿದರೆ 0.093ಕ್ಕೆ ಇಳಿಯುತ್ತದೆ. ಟ್ರಿಮ್ಮರ್ ನಡುವಿನಲ್ಲಿದ್ದಾಗ ಅದರದ್ದು, ಟ್ರಾನ್ಸಿಸ್ಟರಿನದ್ದು, ಬೋರ್ಡಿನ ಗೆರೆಗಳದ್ದು ಎಲ್ಲ ಕೂಡಿಸಿ 25 ಪಿಕೋಫ್ಯಾರಡ್ ಎಂದು ಹಿಡಿಯಿರಿ. ಒತ್ತಾಗಿರುವ ಕಾಯಿಲ್ 90 ಮೆಗಾಹರ್ಟ್ಸ್ ಸುತ್ತ ಕೂರುತ್ತದೆ, ಹಿಗ್ಗಿಸಿದ್ದು 104ರ ಸುತ್ತ. ಎರಡು ಮಿಲಿಮೀಟರ್ ಎಳೆದರೆ 14 ಮೆಗಾಹರ್ಟ್ಸ್ ಜಿಗಿತ! ರೇಡಿಯೊದ ಮುಳ್ಳು ಮುಕ್ಕಾಲು ಡಯಲ್ ಓಡಿದ ಹಾಗೆ. ಹೆಚ್ಚಿನವರು ಸುಲಭಕ್ಕೆ ಸಿಗುವ ಪೆನ್ಸಿಲ್ ಮೇಲೆ ಸುತ್ತುತ್ತಾರೆ. ಪೆನ್ಸಿಲ್ 7 ಮಿಲಿಮೀಟರ್ ದಪ್ಪ. ಅದರ ಮೇಲೆ 5 ಸುತ್ತು ಹಾಕಿ 6 ಮಿಲಿಮೀಟರ್ ಉದ್ದಕ್ಕೆ ಎಳೆದರೂ ಅದೇ 25 ಪಿಕೋಫ್ಯಾರಡಿಗೆ ಫ್ರೀಕ್ವೆನ್ಸಿ 81ಕ್ಕೆ ಬೀಳುತ್ತದೆ, ಎಫ್‌ಎಂ ಡಯಲ್ ಶುರುವಾಗುವುದೇ 88ಕ್ಕೆ. ಟ್ರಾನ್ಸ್‌ಮಿಟರ್ ನಡೆಯುತ್ತಲೇ ಇರುತ್ತದೆ, ರೇಡಿಯೊಗೆ ಮಾತ್ರ ಕಾಣುವುದಿಲ್ಲ, ಹುಡುಗರು ಟ್ರಾನ್ಸಿಸ್ಟರ್ ಸುಟ್ಟಿತೆಂದು ಇನ್ನೊಂದು ತರಲು ಓಡುತ್ತಾರೆ. ಪೆನ್ಸಿಲೇ ಗತಿ ಎಂದಾದರೆ 4 ಸುತ್ತು, 5 ಮಿಲಿಮೀಟರ್ ಉದ್ದ. ಆಗ 95, 96ರ ಹತ್ತಿರ ಸಿಗುತ್ತದೆ.

ತಂತಿಯ ಎರಡೂ ತುದಿಯ ಎನಾಮೆಲ್ ಕೆರೆಯುವುದನ್ನು ಮರೆಯಬೇಡಿ. ತಾಮ್ರದ ಬಣ್ಣದ್ದೇ ಆದ್ದರಿಂದ ಬರಿಗಣ್ಣಿಗೆ ಲೇಪ ಇರುವುದು ತಿಳಿಯುವುದಿಲ್ಲ. ಬ್ಲೇಡಿನಿಂದ ಸುತ್ತಲೂ ಕೆರೆದು, ಅಲ್ಲಿ ಬೆಸುಗೆಯ ಸೀಸ ಹತ್ತಿ ಹೊಳೆಯುತ್ತಿದೆಯೇ ನೋಡಿ, ಆಮೇಲೆ ಬೋರ್ಡಿಗೆ ಹಾಕಿ. ಮೋಟಾರ್ ತಂತಿಯ ಲೇಪ ಗಟ್ಟಿ, ಬೆಸುಗೆಯ ಶಾಖಕ್ಕೆ ತಾನಾಗಿ ಸುಟ್ಟುಹೋಗುತ್ತದೆ ಎಂದು ನಂಬಬೇಡಿ.

ಉಳಿದ ಜೋಡಣೆಗೆ 25 ವ್ಯಾಟಿನ ಸೋಲ್ಡರಿಂಗ್ ಐರನ್, 60-40 ಸೀಸ ಸಾಕು. ಮೊದಲು ರೆಸಿಸ್ಟರ್, ಆಮೇಲೆ ಡಿಸ್ಕ್‌ಗಳು, ಟ್ರಿಮ್ಮರ್, ಟ್ರಾನ್ಸಿಸ್ಟರ್, ಕೊನೆಗೆ ಕಾಯಿಲ್ ಮತ್ತು ಮೈಕು. ಎಲ್ಲದರ ಕಾಲೂ 5 ಮಿಲಿಮೀಟರಿಗಿಂತ ಗಿಡ್ಡವಿರಲಿ. ನೂರು ಮೆಗಾಹರ್ಟ್ಸಿನಲ್ಲಿ ಉದ್ದ ಕಾಲೂ ಒಂದು ಕಾಯಿಲೇ. ಬ್ಯಾಟರಿಗೆ ಅಡ್ಡಲಾಗಿ ಹಾಕುವ 104 ಕಾಯಿಲಿನ ಪ್ಲಸ್ ತುದಿಯ ಪಕ್ಕದಲ್ಲೇ ಕೂರಬೇಕು. ಬೋರ್ಡಿನಲ್ಲಿ ಅದಕ್ಕೆ ಜಾಗ ದೂರ ಕೊಟ್ಟಿದ್ದರೆ ಹಿಂಬದಿಯಲ್ಲಿ, ತಾಮ್ರದ ಕಡೆಯೇ, ಇನ್ನೊಂದು ಹಾಕಿ. ಇದನ್ನೇ ಬೆಸುಗೆಯಿಲ್ಲದೆ ಕಾಲು ಚುಚ್ಚಿ ಜೋಡಿಸುವ ಬ್ರೆಡ್‌ಬೋರ್ಡಿನ ಮೇಲೆ ಮಾಡಿ ನೋಡುತ್ತೇವೆ ಎನ್ನುವವರಿಗೆ: ಬೇಡ. ಅದರ ಒಂದೊಂದು ಪಟ್ಟಿಯ ನಡುವೆಯೂ ಪಿಕೋಫ್ಯಾರಡ್‌ಗಟ್ಟಲೆ ಕೆಪ್ಯಾಸಿಟೆನ್ಸ್ ಇರುತ್ತದೆ, 4.7ರ ಲೆಕ್ಕ ಅಲ್ಲೇ ತಪ್ಪುತ್ತದೆ.

ಟ್ರಾನ್ಸಿಸ್ಟರಿನ ಕಾಲುಗಳಲ್ಲಿ ಎಡವುವವರು ಬಹಳ. ಬಿಸಿ547ರ ಚಪ್ಪಟೆ ಮುಖ ನಿಮ್ಮ ಕಡೆ, ಕಾಲು ಕೆಳಗೆ ಇರುವಂತೆ ಹಿಡಿದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಅಂಗಡಿಯಲ್ಲಿ ಅದು ಇಲ್ಲವೆಂದು 2ಎನ್3904 ಕೊಟ್ಟರೆ ಕೆಲಸವೇನೋ ನಡೆಯುತ್ತದೆ, ಆದರೆ ಅದರಲ್ಲಿ ಎಮಿಟರ್ ಎಡಕ್ಕೆ, ಕಲೆಕ್ಟರ್ ಬಲಕ್ಕೆ. ತಿರುಗಿಸಿ ಹಾಕಬೇಕು. ಬಿಎಫ್494 ಎಫ್‌ಎಂ ರೇಡಿಯೊಗಳಿಗೆಂದೇ ಬಂದ ಟ್ರಾನ್ಸಿಸ್ಟರ್, ಸಿಕ್ಕರೆ ಒಳ್ಳೆಯದೇ. ಅದರಲ್ಲಿ ನಡುವಿನ ಕಾಲು ಎಮಿಟರ್, ಹಾಗಾಗಿ ಈ ಬೋರ್ಡಿಗೆ ಹಾಕುವಾಗ ಕಾಲು ಹೆಣೆಯಬೇಕಾಗುತ್ತದೆ. ಮೈಕಿನ ಹಿಂದೆ ಎರಡು ಬೆಸುಗೆ ಚುಕ್ಕೆ ಇರುತ್ತವೆ. ಯಾವುದು ಹೊರಗಿನ ತಗಡಿಗೆ ಸೇರಿದೆಯೋ ಅದು ಮೈನಸ್. ಕಣ್ಣಿಗೆ ಕಾಣದಿದ್ದರೆ ಮಲ್ಟಿಮೀಟರಿನ ಬೀಪ್‌ನಲ್ಲಿ ನೋಡಿ. ಮೈಕಿಗೆ ಐರನ್ ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಒಳಗಿನ ಪ್ಲಾಸ್ಟಿಕ್ ಪೊರೆ ಮುಗಿದಂತೆ.

ಕಿಟ್ಟಿನ ದೊಡ್ಡ ತಕರಾರು ಇನ್ನೊಂದಿದೆ. ಡಿಸ್ಕ್‌ಗಳು ಬೆರಕೆಯಾಗಿ ಬರುತ್ತವೆ, ಹಾಳೆಯಲ್ಲಿ ಅವುಗಳ ಸಂಖ್ಯೆಯ ಅರ್ಥ ಕೊಟ್ಟಿಲ್ಲ. 102 ಎಂದರೆ 1 ನ್ಯಾನೋಫ್ಯಾರಡ್, 103 ಎಂದರೆ 10, 104 ಎಂದರೆ 100. 22 ಪಿಕೋಫ್ಯಾರಡಿನ ಮೇಲೆ ಕೆಲವೊಮ್ಮೆ 220 ಎಂದಿರುತ್ತದೆ, ಕೊನೆಯ ಸೊನ್ನೆ ಎಂದರೆ ‘ಮುಂದೆ ಸೊನ್ನೆ ಇಲ್ಲ’ ಎಂದು. ಇನ್ನೂರ ಇಪ್ಪತ್ತಕ್ಕೆ 221 ಎಂದು ಬರೆಯುತ್ತಾರೆ. ಬೇಸಿಗೆ 102ರ ಬದಲು 104 ಹೋದರೆ ಅಲೆ ಹುಟ್ಟುತ್ತದೆ, ರೇಡಿಯೊದಲ್ಲಿ ಸಿಗುತ್ತದೆ, ಆದರೆ ಮಾತು ಕಂಬಳಿ ಹೊದ್ದುಕೊಂಡು ಆಡಿದ ಹಾಗೆ. ಮೈಕಿನ 10 ಕಿಲೋಓಮ್ ಜೊತೆ ಆ 104 ಸೇರಿ 160 ಹರ್ಟ್ಸಿಗಿಂತ ಮೇಲಿನದ್ದನ್ನೆಲ್ಲ ನೆಲಕ್ಕೆ ಇಳಿಸುತ್ತದೆ. 102 ಇದ್ದರೆ ಆ ಗಡಿ 16 ಕಿಲೋಹರ್ಟ್ಸ್, ಮನುಷ್ಯರ ಮಾತಿಗೆ ತೊಂದರೆಯಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ, ಮೈಕಿನಿಂದ ಬೇಸಿಗೆ ಹೋಗುವ 104ನ್ನು 103ಕ್ಕೆ ಇಳಿಸಿದರೆ ಮಾತು ಸ್ಪಷ್ಟವಾಗುತ್ತದೆ. ಸುಮಾರು 400 ಹರ್ಟ್ಸಿನ ಕೆಳಗಿನ ಗುಂಯ್‌ಗುಡುವಿಕೆ, ‘ಪ’ ‘ಬ’ ಎನ್ನುವಾಗಿನ ಧಂ ಎನ್ನುವ ಹೊಡೆತ ಎರಡೂ ಕಡಿಮೆ. ಇಲ್ಲಿನ ಎಫ್‌ಎಂ ರೇಡಿಯೊಗಳು ಸ್ಟೇಷನ್ನಿನವರು ಮೊದಲೇ ಏರಿಸಿ ಕಳಿಸಿದ ಮೇಲಿನ ಸ್ವರವನ್ನು 50 ಮೈಕ್ರೋಸೆಕೆಂಡಿನ ಲೆಕ್ಕದಲ್ಲಿ ತಗ್ಗಿಸಿ ಕೇಳಿಸುತ್ತವೆ. ಈ ಕಿಟ್ಟಿನಲ್ಲಿ ಏರಿಸುವ ಏರ್ಪಾಡೇ ಇಲ್ಲ, ಹಾಗಾಗಿ ಸ್ವರ ಮಂಕಾಗುವುದು ಸಹಜ. ಎರಡು ರೂಪಾಯಿಯ 103 ಆ ಮಂಕನ್ನು ಅರ್ಧಕ್ಕಾದರೂ ತೆಗೆಯುತ್ತದೆ. 4.7 ಪಿಕೋಫ್ಯಾರಡಿನ ತಲೆಯ ಮೇಲೆ ಕಪ್ಪು ಬಣ್ಣ ಇರುವುದನ್ನೇ ಆರಿಸಿ. ಅದು ಶಾಖಕ್ಕೆ ಮೌಲ್ಯ ಬದಲಿಸದ ಜಾತಿ.

ಇನ್ನು ಟ್ಯೂನಿಂಗ್. ಮೊದಲು ಮುಳ್ಳು ತಿರುಗಿಸುವ ಹಳೆ ಕಾಲದ ರೇಡಿಯೊ ಹುಡುಕಿ. ಮೊಬೈಲಿನ ಎಫ್‌ಎಂ 0.1 ಮೆಗಾಹರ್ಟ್ಸ್ ಹೆಜ್ಜೆಯಲ್ಲಿ ಜಿಗಿಯುತ್ತದೆ, ಹೆಚ್ಚಿನ ಫೋನುಗಳಲ್ಲಿ ಇಯರ್‌ಫೋನ್ ತಂತಿ ಸಿಕ್ಕಿಸದೆ ಅದು ಕೆಲಸವನ್ನೇ ಮಾಡುವುದಿಲ್ಲ. ಕಿಟ್ ಎರಡು ಹೆಜ್ಜೆಯ ನಡುವೆ ಕೂತರೆ ಪರಪರ ಸದ್ದು ಮಾತ್ರ. ಹಾಸನದಲ್ಲಿ ಆಕಾಶವಾಣಿ 102.2ರಲ್ಲಿ ಗಟ್ಟಿಯಾಗಿ ಕೂತಿದೆ. ಅದರಿಂದ ಎರಡೂ ಕಡೆ ಒಂದು ಮೆಗಾಹರ್ಟ್ಸಿಗಿಂತ ಹೆಚ್ಚು ದೂರ ಇರಿ. ಚಿಕ್ಕಮಗಳೂರಿನ ಕಡೆ, ಅದರಲ್ಲೂ ಮುಳ್ಳಯ್ಯನಗಿರಿಯ ಆಸುಪಾಸಿನ ಎತ್ತರದ ಎಸ್ಟೇಟುಗಳಲ್ಲಿ, ಎಫ್‌ಎಂ ಅಲೆ ಅಡ್ಡಿಯಿಲ್ಲದೆ ನೇರ ಬರುವುದರಿಂದ ಮೈಸೂರಿನ 100.6, ಬೆಂಗಳೂರಿನ 101.3 ಕೂಡ ಇಣುಕಬಹುದು. ಹಾಗಾಗಿ ಕಿಟ್ ಹೊತ್ತಿಸುವ ಮುನ್ನವೇ ಡಯಲ್ ಪೂರ್ತಿ ತಿರುಗಿಸಿ, ಸೊಂಯ್ ಎಂಬ ಖಾಲಿ ಸದ್ದಿರುವ ಜಾಗ ಗುರುತು ಮಾಡಿಕೊಳ್ಳಿ. 92ರಿಂದ 97ರ ನಡುವೆ ಹುಡುಕುವುದು ವಾಸಿ.

ರೇಡಿಯೊ ಆ ಖಾಲಿ ಜಾಗದಲ್ಲಿರಲಿ. ಈಗ ಟ್ರಿಮ್ಮರನ್ನು ನಿಧಾನ ತಿರುಗಿಸಿ. ಅದರ ಆಟವೆಲ್ಲ ಅರ್ಧ ಸುತ್ತಿನಲ್ಲಿ ಮುಗಿಯುತ್ತದೆ, ಇನ್ನರ್ಧದಲ್ಲಿ ಬಂದ ದಾರಿಯಲ್ಲೇ ವಾಪಸ್. ಕಬ್ಬಿಣದ ಸ್ಕ್ರೂಡ್ರೈವರ್ ಬೇಡವೇ ಬೇಡ. ಅದು ತಾಗಿದಾಗ ಸಿಕ್ಕ ಸ್ಟೇಷನ್ ಎತ್ತಿದ ಕೂಡಲೇ ಹಾರಿಹೋಗುತ್ತದೆ. ಒಣಗಿದ ಬಿದಿರು ಕಡ್ಡಿಯ ತುದಿಯನ್ನು ಚಾಕುವಿನಲ್ಲಿ ಚಪ್ಪಟೆ ಮಾಡಿದರೆ ಅದಕ್ಕಿಂತ ಒಳ್ಳೆಯ ಉಪಕರಣ ಬೇಕಿಲ್ಲ. ‘ಸೊಂಯ್’ ನಿಂತು ಮೌನವಾದ ಕಡೆ ನಿಮ್ಮ ಟ್ರಾನ್ಸ್‌ಮಿಟರ್ ಇದೆ. ರೇಡಿಯೊ ಪಕ್ಕದಲ್ಲೇ ಇದ್ದರೆ ಸ್ಪೀಕರಿನ ಸದ್ದು ಮೈಕಿಗೆ ಹೊಕ್ಕು ‘ಕುಂಯ್ಯೋ’ ಎಂದು ಕಿರುಚುತ್ತದೆ. ಬೈದುಕೊಳ್ಳಬೇಡಿ, ಎಲ್ಲವೂ ಸರಿಯಿದೆ ಎಂಬುದಕ್ಕೆ ಅದೇ ರುಜು. ಹತ್ತಿರದಲ್ಲಿ ಒಂದೇ ಟ್ರಾನ್ಸ್‌ಮಿಟರ್ ಡಯಲಿನಲ್ಲಿ ಎರಡು ಮೂರು ಕಡೆ ಸಿಗುವುದೂ ಉಂಟು, ರೇಡಿಯೊ ತಾಳಲಾರದಷ್ಟು ಸಿಗ್ನಲ್ ಬಿದ್ದಾಗ ಹೀಗಾಗುತ್ತದೆ. ರೇಡಿಯೊವನ್ನು ಪಕ್ಕದ ಕೋಣೆಗೆ ಒಯ್ದರೆ ಸುಳ್ಳಿನ ಜಾಗಗಳು ಮಾಯವಾಗಿ ಅಸಲಿಯದು ಉಳಿಯುತ್ತದೆ. ಸ್ಟೇಷನ್ ಸಿಕ್ಕ ಮೇಲೆ ಕಾಯಿಲಿನ ಮೇಲೆ ಮೋಂಬತ್ತಿಯ ಎರಡು ಹನಿ ಬಿಡಿ. ಫ್ರೀಕ್ವೆನ್ಸಿ ಸ್ವಲ್ಪ ಕೆಳಗಿಳಿಯುತ್ತದೆ, ಟ್ರಿಮ್ಮರಿನಲ್ಲಿ ಸರಿಮಾಡಿಕೊಳ್ಳಿ. ಆಮೇಲೆ ಮೇಜು ತಟ್ಟಿದರೂ ಅಲ್ಲಾಡುವುದಿಲ್ಲ.

ಎಲ್ಲೂ ಏನೂ ಸಿಗದಿದ್ದರೆ ಮಲ್ಟಿಮೀಟರ್ ಸಾಕು, ಅಲೆಯನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪ್ ಬೇಕಿಲ್ಲ. ಕಪ್ಪು ತುದಿ ಬ್ಯಾಟರಿಯ ಮೈನಸ್‌ಗೆ. ಕೆಂಪು ತುದಿಗೆ 10 ಕಿಲೋಓಮ್ ರೆಸಿಸ್ಟರ್ ಒಂದನ್ನು ಸೇರಿಸಿ, ಅದರ ಮೂಲಕ ಎಮಿಟರನ್ನು ಮುಟ್ಟಿ, ಇಲ್ಲವಾದರೆ ಮೀಟರಿನ ಉದ್ದ ವೈರೇ ಕೆಲಸ ಕೆಡಿಸುತ್ತದೆ. 9 ವೋಲ್ಟ್ ಬ್ಯಾಟರಿಗೆ 4.5ರಿಂದ 6.5 ವೋಲ್ಟ್ ತೋರಿಸಿದರೆ ಟ್ರಾನ್ಸಿಸ್ಟರ್ 10ರಿಂದ 14 ಮಿಲಿಆಂಪ್ ಎಳೆಯುತ್ತಿದೆ, ಅದಕ್ಕೆ ಬೇಕಾದ ವೋಲ್ಟೇಜಿನ ಏರ್ಪಾಡು (ಬಯಾಸ್) ಸರಿಯಿದೆ. 0.1 ವೋಲ್ಟಿನ ಹತ್ತಿರ ಇದ್ದರೆ ಕಲೆಕ್ಟರಿಗೆ ಪ್ಲಸ್ ಬರುತ್ತಿಲ್ಲ: ಕಾಯಿಲಿನ ಎನಾಮೆಲ್ ಸರಿಯಾಗಿ ಕೆರೆದಿಲ್ಲ ಎಂದೇ ತಿಳಿಯಿರಿ. 8 ವೋಲ್ಟ್ ದಾಟಿದ್ದರೆ 470 ಓಮ್ ಮತ್ತು 47 ಕಿಲೋಓಮ್ ಅದಲುಬದಲಾಗಿವೆ. ಎರಡರಲ್ಲೂ ಹಳದಿ, ನೇರಳೆ ಪಟ್ಟಿ. ಮೂರನೆಯದು ಒಂದರಲ್ಲಿ ಕಂದು, ಇನ್ನೊಂದರಲ್ಲಿ ಕಿತ್ತಳೆ. ಅಗ್ಗದ ರೆಸಿಸ್ಟರುಗಳಲ್ಲಿ ಈ ಎರಡು ಬಣ್ಣ ಟ್ಯೂಬ್‌ಲೈಟಿನ ಬೆಳಕಿಗೆ ಅವಳಿಗಳಂತೆ ಕಾಣುತ್ತವೆ, ಹಾಕುವ ಮೊದಲೇ ಮೀಟರಿನಲ್ಲಿ ಅಳೆಯಿರಿ. ವೋಲ್ಟೇಜ್ ಸರಿಯಿದ್ದೂ ಸ್ಟೇಷನ್ ಇಲ್ಲವೆಂದರೆ, ಮೀಟರ್ ಹಾಗೇ ಇರಲಿ, ಕಾಯಿಲನ್ನು ಬೆರಳಿನಿಂದ ಮುಟ್ಟಿ. ಅಂಕಿ ಜರುಗಿದರೆ ಅಲೆ ಹುಟ್ಟುತ್ತಿದೆ, ಫ್ರೀಕ್ವೆನ್ಸಿ ಮಾತ್ರ ಡಯಲಿನ ಆಚೆ ಇದೆ, ಕಾಯಿಲ್ ಹಿಗ್ಗಿಸಿ ನೋಡಿ. ಅಂಕಿ ಅಲ್ಲಾಡದಿದ್ದರೆ ಅಲೆಯೇ ಹುಟ್ಟಿಲ್ಲ, 4.7 ಮತ್ತು 102ರ ಬೆಸುಗೆ ಪರೀಕ್ಷಿಸಿ. ಸ್ಟೇಷನ್ ಇದೆ, ಮಾತಿಲ್ಲ ಎನ್ನುವುದಾದರೆ ಮೈಕಿನ ಪ್ಲಸ್ ಚುಕ್ಕೆಯಲ್ಲಿ ಅಳೆಯಿರಿ. ಅಲ್ಲಿ ಬ್ಯಾಟರಿಗಿಂತ ಕಡಿಮೆ, ಸೊನ್ನೆಗಿಂತ ಸಾಕಷ್ಟು ಹೆಚ್ಚು ವೋಲ್ಟೇಜ್ ಇರಬೇಕು. ಪೂರ್ತಿ 9 ಇದ್ದರೆ ಮೈಕು ಬೋರ್ಡಿಗೆ ಸೇರಿಯೇ ಇಲ್ಲ.

ಸಕಲೇಶಪುರ, ಮೂಡಿಗೆರೆ ಕಡೆಯವರಿಗೆ ಒಂದು ಮಾತು ಹೆಚ್ಚು. ಬೆಸುಗೆಯ ನಂತರ ಬೋರ್ಡಿನ ಮೇಲೆ ಉಳಿಯುವ ಫ್ಲಕ್ಸಿನ (ಸೀಸ ಹತ್ತಿಸಲು ಬಳಸುವ ಅಂಟಿನ) ಜಿಗುಟು ಮಳೆಗಾಲದ ತೇವ ಹೀರುತ್ತದೆ, ಫಿನಾಲಿಕ್ ಬೋರ್ಡೂ ಹೀರುತ್ತದೆ. ಆಷಾಢದಲ್ಲಿ ಬೆಳಿಗ್ಗೆ ಒಂದು ಕಡೆ, ಸಂಜೆ ಇನ್ನೊಂದು ಕಡೆ ಸ್ಟೇಷನ್ ಸಿಗುವುದಕ್ಕೆ ಇದೂ ಕಾರಣ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಹಳೆ ಹಲ್ಲುಜ್ಜುವ ಬ್ರಷ್ ಅದ್ದಿ ತಿಕ್ಕಿ, ಒಣಗಿಸಿ, ಮೈಕನ್ನು ಮಾತ್ರ ಒದ್ದೆ ಮಾಡಬೇಡಿ.

ಬ್ಯಾಟರಿಯ ವಿಷಯದಲ್ಲಿ ಕಿಟ್ ಮಾಡಿದವರ ಬುದ್ಧಿ ಮೆಚ್ಚುವಂತಿಲ್ಲ. ಕೆಲಸ ಮಾಡುವ ಟ್ರಾನ್ಸಿಸ್ಟರಿಗೆ 12 ಮಿಲಿಆಂಪ್, ಸುಮ್ಮನೆ ಉರಿಯುವ ಎಲ್‌ಇಡಿಗೆ 7 ಮಿಲಿಆಂಪ್! 1 ಕಿಲೋಓಮ್ ತೆಗೆದು 4.7 ಕಿಲೋಓಮ್ ಹಾಕಿ, ಎಲ್‌ಇಡಿ ಒಂದೂವರೆ ಮಿಲಿಆಂಪಿನಲ್ಲೂ ಕಾಣುವಷ್ಟು ಉರಿಯುತ್ತದೆ. ಬ್ಯಾಟರಿ 9ರಿಂದ 7 ವೋಲ್ಟಿಗೆ ಇಳಿಯುತ್ತ ಹೋದಂತೆ ಫ್ರೀಕ್ವೆನ್ಸಿ ನೂರಾರು ಕಿಲೋಹರ್ಟ್ಸ್ ಕೆಳಗೆ ಜಾರುತ್ತದೆ, ಮೇಲೆ ಹೇಳಿದ ಆ ಕೆಪ್ಯಾಸಿಟೆನ್ಸಿನ ಕಾಟ. ಇದಕ್ಕೆ ಮದ್ದು ಬ್ಯಾಟರಿ ಇಳಿಯುತ್ತಿದ್ದರೂ 5 ವೋಲ್ಟನ್ನೇ ಕೊಡುವ 78ಎಲ್05 ರೆಗ್ಯುಲೇಟರ್. ಚಪ್ಪಟೆ ಮುಖ ನಿಮ್ಮ ಕಡೆ ಇದ್ದಾಗ ಎಡಗಾಲು ಔಟ್‌ಪುಟ್, ನಡುವೆ ಗ್ರೌಂಡ್, ಬಲಕ್ಕೆ ಇನ್‌ಪುಟ್. ಎರಡೂ ಕಡೆ ಒಂದೊಂದು 104. ಸರ್ಕ್ಯೂಟಿಗೆ 5 ವೋಲ್ಟ್ ಹೋದರೆ ಕರೆಂಟು 6 ಮಿಲಿಆಂಪಿಗೆ ಇಳಿಯುತ್ತದೆ, ಬ್ಯಾಟರಿ 7 ವೋಲ್ಟ್ ಆಗುವವರೆಗೂ ಸ್ಟೇಷನ್ ಜಾಗ ಬಿಟ್ಟು ಕದಲುವುದಿಲ್ಲ. ಮೊಬೈಲ್ ಚಾರ್ಜರಿನಿಂದ ನಡೆಸಲು ಹೋಗಬೇಡಿ, ಮಾತಿಗಿಂತ ಚಾರ್ಜರಿನ ಗಿರಗಿರವೇ ಜೋರು.

ಕವರಿನ ಮೇಲೆ ‘2 ಕಿ.ಮೀ. ರೇಂಜ್’ ಎಂದು ದಪ್ಪಕ್ಷರದಲ್ಲಿ ಇದೆ. ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳಿಗೆ ಅಪ್ಪಣೆ ಕಳಿಸುವ ಊರಿನಲ್ಲಿ ಎರಡು ಕಿಲೋಮೀಟರ್ ಯಾವ ಲೆಕ್ಕ ಎಂದುಕೊಂಡಿರಬೇಕು! ಈ ಟ್ರಾನ್ಸಿಸ್ಟರಿಗೆ ಸೇರುವ ಒಟ್ಟು ವಿದ್ಯುತ್ತೇ 40 ಮಿಲಿವ್ಯಾಟ್ ಆಸುಪಾಸು, ಅದರಲ್ಲಿ ಅಲೆಯಾಗಿ ಹೊರಡುವುದು ಇನ್ನೂ ಸಣ್ಣ ಪಾಲು. ಆಂಟೆನಾ ಇಲ್ಲದೆ ಬರಿಯ ಕಾಯಿಲೊಂದೇ ಒಂದು ಕೋಣೆ, ಹೆಚ್ಚೆಂದರೆ ಪಕ್ಕದ ಕೋಣೆ ತಲುಪುತ್ತದೆ. ಕಲಿಯುವುದಕ್ಕೆ ಅಷ್ಟೇ ಸಾಕು, ಅಷ್ಟಕ್ಕೇ ನಿಲ್ಲಿಸಬೇಕು ಕೂಡ. 88ರಿಂದ 108 ಮೆಗಾಹರ್ಟ್ಸ್ ಪ್ರಸಾರಕ್ಕೆ ಮೀಸಲಾದ ಪಟ್ಟಿ, ಸರ್ಕಾರದ ಪರವಾನಗಿ ಇಲ್ಲದೆ ಅಲ್ಲಿ ಪ್ರಸಾರ ಮಾಡುವಂತಿಲ್ಲ. ಹವ್ಯಾಸಿ ಹ್ಯಾಮ್ ಪರವಾನಗಿ ಇದ್ದವರಿಗೂ ಈ ಪಟ್ಟಿ ಇಲ್ಲ. 108ರ ಮೇಲೆ ಶುರುವಾಗುವುದು ವಿಮಾನಗಳ ದಾರಿ ತೋರಿಸುವ ಸಿಗ್ನಲ್‌ಗಳ ಜಾಗ, ಕಾಯಿಲನ್ನು ಹಿಗ್ಗಿಸುತ್ತ ಹೋಗಿ ಗೊತ್ತಿಲ್ಲದೆ ಅಲ್ಲಿಗೆ ಕಾಲಿಡುವುದು ತಮಾಷೆಯಲ್ಲ. ಪಕ್ಕದ ಮನೆಯವರು 102.2 ಹಾಕಿ ಕೃಷಿ ಕಾರ್ಯಕ್ರಮ ಕೇಳುತ್ತಿದ್ದಾಗ ಅದರ ಮೇಲೆ ಹೋಗಿ ಕೂರುವುದೂ ಅಷ್ಟೇ. ಇಂಥ ಕಿಟ್ಟನ್ನು ‘ಸ್ಪೈ ಮೈಕ್’ ಎಂದು ಹೇಳಿ ಮಾರುವವರಿದ್ದಾರೆ. ಇನ್ನೊಬ್ಬರ ಮಾತನ್ನು ಅವರಿಗೆ ತಿಳಿಯದಂತೆ ಕೇಳುವ ಉದ್ದೇಶವಿದ್ದರೆ ಈ ವಿಮರ್ಶೆ ನಿಮಗಲ್ಲ.

ನಿಜವಾಗಿ ಮೈಕು ಬೇಕಾದವರು, ಶಾಲೆಯ ತರಗತಿಗೋ ಸಣ್ಣ ಸಭೆಗೋ, ಅಂಗಿಗೆ ಸಿಕ್ಕಿಸುವ 2.4 ಗಿಗಾಹರ್ಟ್ಸಿನ ಸೆಟ್ಟು ಕೊಳ್ಳಲಿ. ನಿಗದಿತ ಶಕ್ತಿಯೊಳಗಿನ ಉಪಕರಣಗಳಿಗೆ ಆ ಪಟ್ಟಿ ನಮ್ಮಲ್ಲಿ 2005ರಿಂದಲೇ ಪರವಾನಗಿ ಮುಕ್ತ. ದುಡ್ಡು ಕಿಟ್ಟಿನ ಹಲವು ಪಟ್ಟು ಆಗುತ್ತದೆ, ಕೈ ತಾಗಿದರೆ ಸ್ಟೇಷನ್ ಹಾರುವ ಕಾಟವಿಲ್ಲ.

ಕಿಟ್ ಬದಲು ಬಿಡಿಯಾಗಿ ತಂದರೆ ಹೇಗೆ? ನಮ್ಮ ಆಯ್ಕೆ ಅದೇ. ಟ್ರಾನ್ಸಿಸ್ಟರ್, ರೆಸಿಸ್ಟರ್, ಡಿಸ್ಕ್‌ಗಳು ಎಲ್ಲ ಸೇರಿ ಮೂವತ್ತು ನಲವತ್ತು ರೂಪಾಯಿ ದಾಟುವುದಿಲ್ಲ, ಎರಡೆರಡು ತಂದರೂ ಕಿಟ್ಟಿಗಿಂತ ಅಗ್ಗ. ಫಿನಾಲಿಕ್ ಬೋರ್ಡಿನ ಬದಲು ಖಾಲಿ ತಾಮ್ರದ ಹಾಳೆಯ ತುಂಡೊಂದರ ಮೇಲೆ ಗ್ರೌಂಡಿಗೆ ಹೋಗುವುದನ್ನೆಲ್ಲ ನೇರ ಬೆಸೆದು, ಉಳಿದದ್ದನ್ನು ಗಾಳಿಯಲ್ಲೇ ಕಾಲಿಗೆ ಕಾಲು ಸೇರಿಸಿದರೆ ಕಿಟ್ಟಿಗಿಂತ ಸ್ಥಿರವಾಗಿ ನಡೆಯುತ್ತದೆ. ತೊಡಕು ಟ್ರಿಮ್ಮರಿನದು. ಅದು ಈಗ ಎಲ್ಲ ಅಂಗಡಿಯಲ್ಲೂ ಇರುವುದಿಲ್ಲ. ‘ಟ್ರಿಮ್ಮರ್ ಕೊಡಿ’ ಎಂದರೆ ಕೌಂಟರಿನ ಹುಡುಗ ಪ್ರಿಸೆಟ್ ಎತ್ತಿ ಕೊಡುತ್ತಾನೆ, ಎರಡಕ್ಕೂ ತಲೆಯ ಮೇಲೆ ಸ್ಕ್ರೂ ಗೀರು ಇದೆ ನೋಡಿ. ಪ್ರಿಸೆಟ್ ಎಂದರೆ ರೆಸಿಸ್ಟರ್. ಅಂಗಡಿಯಲ್ಲೇ ಮೀಟರ್ ಕೇಳಿ ಓಮ್‌ನಲ್ಲಿ ಅಳೆಯಿರಿ. ಏನಾದರೂ ಅಂಕಿ ತೋರಿಸಿದರೆ ವಾಪಸ್ ಕೊಡಿ, ಟ್ರಿಮ್ಮರ್ ಎಲ್ಲಿ ತಿರುಗಿಸಿದರೂ ಓಪನ್ ಎಂದೇ ತೋರಿಸಬೇಕು. ಹಾಸನದಲ್ಲೂ ಚಿಕ್ಕಮಗಳೂರಿನಲ್ಲೂ ಸಿಗಲಿಲ್ಲವೆಂದರೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವವರ ಕೈಯಲ್ಲಿ ತರಿಸಿ. ಅದಕ್ಕೂ ತಾಳ್ಮೆ ಇಲ್ಲದವರು ಟ್ರಿಮ್ಮರಿನ ಜಾಗಕ್ಕೆ ಕಪ್ಪು ತಲೆಯ 10 ಪಿಕೋಫ್ಯಾರಡ್ ಡಿಸ್ಕ್ ಹಾಕಿ, ಟ್ಯೂನಿಂಗನ್ನೆಲ್ಲ ಕಾಯಿಲ್ ಹಿಗ್ಗಿಸಿ ಕುಗ್ಗಿಸಿಯೇ ಮಾಡಬಹುದು. ಸ್ವಲ್ಪ ಕೈಚಳಕ ಬೇಕು, ಒಂದು ಸುತ್ತನ್ನು ಕೂದಲೆಳೆಯಷ್ಟು ಸರಿಸಿದರೂ ಮುಳ್ಳು ಓಡುತ್ತದೆ.

ಕಿಟ್ಟೇ ಕೊಳ್ಳುವುದಾದರೆ ಕವರನ್ನು ಅಂಗಡಿಯಲ್ಲೇ ಬಿಚ್ಚಿಸಿ ಮೂರು ನೋಡಿ: ಡಿಸ್ಕ್‌ಗಳಲ್ಲಿ 102 ಒಂದಿದೆಯೇ, ಟ್ರಿಮ್ಮರ್ ಟ್ರಿಮ್ಮರೇ ಹೌದೇ, ಟ್ರಾನ್ಸಿಸ್ಟರಿನ ಮೇಲೆ ನಂಬರ್ ಓದಲು ಬರುತ್ತದೆಯೇ. ಮುಕ್ಕಾಲು ಮೀಟರಿನ ಆಂಟೆನಾ ವೈರನ್ನು ಕವರಿನಲ್ಲೇ ಬಿಡಿ, ಬ್ಯಾಟರಿಯ ಕ್ಯಾಪು ಕಿತ್ತುಹೋದ ದಿನ ಅದು ಉಪಯೋಗಕ್ಕೆ ಬರುತ್ತದೆ.